ಮನೆಯಲ್ಲೇ ಹಣ್ಣು ತುಂಬಿದ ಡೋನಟ್: ಹೂರಣ ಮೊದಲು, ಹಿಟ್ಟು ಆಮೇಲೆ

ಡೋನಟ್ ಮಾಡ್ತೀನಿ ಅಂತ ಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ಯೀಸ್ಟ್ ಬಗ್ಗೆ. ಆದರೆ ಹಣ್ಣು ತುಂಬಿದ ಡೋನಟ್ ಹಾಳಾಗುವುದು ಸಾಮಾನ್ಯವಾಗಿ ಹಣ್ಣಿನ ನೀರಿನಿಂದ. ಹೂರಣ ತೆಳ್ಳಗಿದ್ದರೆ ಒಳಗಿನ ಮೆತ್ತನೆಯ ಭಾಗ ಆ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಕಚ್ಚಿದರೆ ಬೇಯದ ಹಿಟ್ಟಿನಂತೆ ಹಲ್ಲಿಗೆ ಅಂಟುತ್ತದೆ. ಹಿಟ್ಟು ಎಷ್ಟೇ ಚೆನ್ನಾಗಿ ಉಬ್ಬಿದ್ದರೂ ಪ್ರಯೋಜನವಿಲ್ಲ. ಅದಕ್ಕೇ ಇಲ್ಲಿ ಹೂರಣಕ್ಕೆ ಮೊದಲ ಜಾಗ. ಹಿಂದಿನ ದಿನ ರಾತ್ರಿಯೇ ಅದನ್ನು ಮಾಡಿ ಫ್ರಿಜ್‌ನಲ್ಲಿಟ್ಟುಬಿಡಿ. ಮಾರನೇ ದಿನದ ಕೆಲಸ ಅರ್ಧ ಹಗುರಾಗುತ್ತದೆ.

ಇನ್ನೊಂದು ಮಾತು. ಹಣ್ಣು ತುಂಬುವ ಡೋನಟ್‌ಗೆ ನಡುವೆ ತೂತು ಇರುವುದಿಲ್ಲ. ತೂತಿದ್ದರೆ ಹೂರಣ ಎಲ್ಲಿ ಕೂರಬೇಕು? ಜರ್ಮನಿಯ ಬರ್ಲಿನರ್, ಪೋಲೆಂಡಿನ ಪೊಂಚ್ಕಿ, ಯಹೂದಿಗಳ ಹನುಕ್ಕಾ ಹಬ್ಬಕ್ಕೆ ಇಸ್ರೇಲಿನಲ್ಲಿ ಕರಿಯುವ ಸುಫ್ಗಾನಿಯೋತ್, ಎಲ್ಲವೂ ಹೀಗೆ ದುಂಡಗೆ, ತೂತಿಲ್ಲದ ಬನ್ ಆಕಾರದವು. ನಾವು ಮಾಡುತ್ತಿರುವುದೂ ಆ ಜಾತಿಯದೇ.

ಯಾವ ಹಣ್ಣು?

ದಾವಣಗೆರೆಯಲ್ಲಿ ಕೂತು ಸ್ಟ್ರಾಬೆರಿ ಹುಡುಕುವುದು ಸುಮ್ನೆ ದುಡ್ಡು ದಂಡ. ನಮ್ಮ ಸುತ್ತಮುತ್ತ ಸಿಗುವ ಹಣ್ಣು ಸಾಕು. ಏಪ್ರಿಲ್‌ನಿಂದ ಜೂನ್‌ವರೆಗೆ ಮಾವು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗದ ಕಡೆಯಿಂದ ದಾಳಿಂಬೆ. ದಾಳಿಂಬೆ ಬೆಳೆಗಾರರು ಯಾವ ಕಾಲಕ್ಕೆ ಗಿಡ ಹೂ ಬಿಡಬೇಕು ಅಂತ ನೀರು ನಿಲ್ಲಿಸಿ, ಮತ್ತೆ ಬಿಟ್ಟು ತಾವೇ ತೀರ್ಮಾನಿಸುತ್ತಾರೆ. ಹಾಗಾಗಿ ವರ್ಷದಲ್ಲಿ ಹೆಚ್ಚು ತಿಂಗಳು ಹಣ್ಣು ಸಿಗುತ್ತದೆ. ಅನಾನಸ್, ಸೀಬೆ ಕೂಡ ಚೆನ್ನಾಗಿ ಹೊಂದುತ್ತವೆ.

ಕಲ್ಲಂಗಡಿ, ಕರಬೂಜ, ಮೂಸಂಬಿ ಬೇಡ. ಅವುಗಳಲ್ಲಿ ನೀರೇ ಜಾಸ್ತಿ. ಕುದಿಸಿ ಕುದಿಸಿ ಗಟ್ಟಿಯಾಗುವ ಹೊತ್ತಿಗೆ ಹಣ್ಣಿನ ವಾಸನೆಯೇ ಹೋಗಿರುತ್ತದೆ. ಬಾಳೆಹಣ್ಣು ಬೇಕೇ ಬೇಕು ಅಂದರೆ ತುಪ್ಪ ಹಾಕಿ ಹಲ್ವದ ಹದಕ್ಕೆ ಮಗುಚಿ ಬಳಸಿ. ಹಸಿಯಾಗಿ ಕಿವುಚಿ ತುಂಬಿದರೆ ಕಪ್ಪಾಗುತ್ತದೆ.

ಮಾವಿನ ಹೂರಣ

ಬಾದಾಮಿ ಮಾವು ಒಂದೇ ಹಾಕಿದರೆ ಸಿಹಿ ಮುಖಕ್ಕೆ ಹೊಡೆಯುತ್ತದೆ. ಎರಡು ಪಾಲು ಬಾದಾಮಿಗೆ ಒಂದು ಪಾಲು ತೋತಾಪುರಿ ಸೇರಿಸಿ ನೋಡಿ. ಆ ಹುಳಿ ಇದ್ದರೇನೇ ಕರಿದ ಹಿಟ್ಟಿನ ಜಿಡ್ಡಿಗೆ ಸರಿಯಾಗುವುದು. ರಸಪುರಿ ತಿನ್ನೋಕೆ ಚೆಂದ, ಆದರೆ ರಸ ಜಾಸ್ತಿ. ಕುದಿಸುವ ಹೊತ್ತು ಐದಾರು ನಿಮಿಷ ಹೆಚ್ಚಾಗುತ್ತದೆ.

400 ಗ್ರಾಂ ತಿರುಳನ್ನು ಮಿಕ್ಸಿಯಲ್ಲಿ ರುಬ್ಬಿ ಜರಡಿಯಲ್ಲಿ ಸೋಸಿ. ನಾರು ಉಳಿದರೆ ತುಂಬುವಾಗ ಹೂರಣ ಹಿಂಡುವ ಚೀಲದ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ದಪ್ಪ ತಳದ ಪಾತ್ರೆಗೆ ತಿರುಳು, 100 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಮಾವಿನ ಪಾಕ ಸಿಡಿಯುತ್ತದೆ. ಉದ್ದ ಹಿಡಿಯ ಸೌಟು ಇರಲಿ, ಮಕ್ಕಳು ಹತ್ತಿರ ಬರುವುದು ಬೇಡ. ಒಂದೂವರೆ ಟೇಬಲ್ ಚಮಚ ಕಾರ್ನ್‌ಫ್ಲೋರನ್ನು ಮೂರು ಚಮಚ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ತಿರುಳಿಗೆ ಸುರಿಯುತ್ತಾ ಕೈಯಾಡಿಸಿ. ಗುಳ್ಳೆ ಬಂದು ಮಂದವಾದ ಮೇಲೆ ಇನ್ನು ಒಂದೆರಡು ನಿಮಿಷ ಸಾಕು. ಆಮೇಲೆ ಉರಿ ಆರಿಸಿ ಎರಡು ಟೀ ಚಮಚ ನಿಂಬೆರಸ ಬೆರೆಸಿ. ನಿಂಬೆ ಹಾಕಿದ ಮೇಲೆ ಬಹಳ ಹೊತ್ತು ಕುದಿಸಿದರೆ ಹುಳಿಗೆ ಕಾರ್ನ್‌ಫ್ಲೋರ್ ಒಡೆದು ಮತ್ತೆ ತೆಳ್ಳಗಾಗುತ್ತದೆ. ಅದಕ್ಕೇ ನಿಂಬೆ ಕೊನೆಗೆ.

ಹದ ಬಂದಿದೆಯೋ ಇಲ್ಲವೋ ನೋಡುವುದು ಹೀಗೆ: ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್‌ನಲ್ಲಿಡಿ. ಅದರ ಮೇಲೆ ಅರ್ಧ ಚಮಚ ಹೂರಣ ಹಾಕಿ ಎರಡು ನಿಮಿಷ ಬಿಡಿ. ಬೆರಳಿಂದ ನಡುವೆ ಗೆರೆ ಎಳೆಯಿರಿ. ಎರಡೂ ಕಡೆಯ ಹೂರಣ ಅಲ್ಲಲ್ಲೇ ನಿಂತರೆ ಸರಿ. ಗೆರೆ ಮುಚ್ಚಿಕೊಂಡರೆ ಇನ್ನೂ ಕುದಿಯಬೇಕು. ತಟ್ಟೆ ವಾರೆ ಮಾಡಿದಾಗ ಅಂಚಿನಲ್ಲಿ ತೆಳು ನೀರು ಒಸರಿದರೂ ಆಗಿಲ್ಲ ಅಂತಲೇ ಲೆಕ್ಕ. ಬಿಸಿಯಲ್ಲಿ ನೋಡಿ ಮೋಸ ಹೋಗಬೇಡಿ, ಬಿಸಿ ಹೂರಣ ಯಾವಾಗಲೂ ತೆಳ್ಳಗೇ ಕಾಣುತ್ತದೆ.

ದಾಳಿಂಬೆ ಹೂರಣ

ನನ್ನನ್ನು ಕೇಳಿದರೆ ಡೋನಟ್‌ಗೆ ಇದಕ್ಕಿಂತ ಒಳ್ಳೆಯ ಹೂರಣ ಇಲ್ಲ. ಬಣ್ಣವೂ ಚೆಂದ, ಹುಳಿ-ಸಿಹಿಯೂ ಸಮ. ಆದರೆ ರಸ ತೆಗೆಯುವುದರಲ್ಲೇ ಎಲ್ಲ ಇದೆ. ಕಾಳುಗಳನ್ನು ಮಿಕ್ಸಿಗೆ ಹಾಕಿ ಗರ್ ಅಂತ ತಿರುಗಿಸಿದರೆ ಒಳಗಿನ ಬೀಜ ಪುಡಿಯಾಗಿ ಒಗರು ಬಿಡುತ್ತದೆ. ಸ್ವಿಚ್ಚನ್ನು ಹಿಂದಕ್ಕೆ ತಿರುಗಿಸಿ ಎರಡು ಮೂರು ಸಲ ಬಿಟ್ಟು ಬಿಟ್ಟು ಒಂದು ಸುತ್ತು ಕೊಡಿ, ಅಷ್ಟೇ. ಕಾಳು ಒಡೆಯಬೇಕು, ಬೀಜ ಒಡೆಯಬಾರದು. ಆಮೇಲೆ ತೆಳು ಹತ್ತಿ ಬಟ್ಟೆಗೆ ಸುರಿದು ಗಂಟು ಕಟ್ಟಿ ಹಿಂಡಿ. ಹಳೇ ಪಂಚೆಯ ತುಂಡಾದರೆ ಒಳ್ಳೆಯದು. ಕಲೆ ಹೋಗುವುದಿಲ್ಲ ಅನ್ನೋದು ನೆನಪಿರಲಿ. ಬಿಡಿಸುವಾಗ ಕಾಳುಗಳ ನಡುವಿನ ಹಳದಿ ಪೊರೆಯನ್ನೂ ಪೂರ್ತಿ ತೆಗೆಯಿರಿ, ಕಹಿ ಇರುವುದು ಅದರಲ್ಲೇ.

ಒಂದು ಕೆ.ಜಿ. ಹಣ್ಣಿಗೆ 350 ಮಿ.ಲೀ. ಆಸುಪಾಸು ರಸ ಬರುತ್ತದೆ. ಅದಕ್ಕೆ 90 ಗ್ರಾಂ ಸಕ್ಕರೆ, ಮೂರು ಟೇಬಲ್ ಚಮಚ ಕಾರ್ನ್‌ಫ್ಲೋರ್. ತಿರುಳಿಲ್ಲದ ಬರೀ ರಸ ಆದ್ದರಿಂದ ಮಾವಿಗಿಂತ ದುಪ್ಪಟ್ಟು ಕಾರ್ನ್‌ಫ್ಲೋರ್ ಬೇಕು. ಸ್ವಲ್ಪ ತಣ್ಣನೆಯ ರಸದಲ್ಲೇ ಕಾರ್ನ್‌ಫ್ಲೋರ್ ಕಲಸಿಕೊಳ್ಳಿ, ಉಳಿದ ರಸವನ್ನು ಸಕ್ಕರೆ ಜೊತೆ ಕುದಿಸಿ, ಎರಡನ್ನೂ ಸೇರಿಸಿ ಗಟ್ಟಿ ಮಾಡಿ. ಪಾತ್ರೆ ಸ್ಟೀಲಿನದೇ ಆಗಬೇಕು. ಹುಳಿ ರಸವನ್ನು ಅಲ್ಯುಮಿನಿಯಂನಲ್ಲಿ ಕುದಿಸಿದರೆ ಬಣ್ಣ ಮಂಕಾಗುತ್ತದೆ, ಲೋಹದ ರುಚಿಯೂ ಬರುತ್ತದೆ. ಫ್ರಿಜ್‌ನಲ್ಲಿಟ್ಟರೆ ಇದು ಗಡ್ಡೆ ಕಟ್ಟಿದಂತೆ ಆಗುತ್ತದೆ. ತುಂಬುವ ಮೊದಲು ಚಮಚದಿಂದ ಚೆನ್ನಾಗಿ ಕಲಕಿದರೆ ನುಣ್ಣಗಾಗುತ್ತದೆ.

ಅನಾನಸ್, ಸೀಬೆ

ಅನಾನಸ್‌ನಲ್ಲಿ ಬ್ರೋಮೆಲೈನ್ ಅನ್ನುವ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಹಸಿ ಅನಾನಸ್ಸನ್ನು ಕಸ್ಟರ್ಡ್ ಅಥವಾ ಕ್ರೀಮ್ ಜೊತೆ ಬೆರೆಸಿ ಇಟ್ಟರೆ ಒಂದು ಗಂಟೆ ಕಳೆಯುವುದರೊಳಗೆ ರುಚಿ ಕೆಡುವುದು ಇದರಿಂದಲೇ. ಚೆನ್ನಾಗಿ ಬೇಯಿಸಿದರೆ ಆ ಕಾಟ ಇಲ್ಲ. 500 ಗ್ರಾಂ ಹಣ್ಣನ್ನು ಸಣ್ಣಗೆ ತುರಿದು, 125 ಗ್ರಾಂ ಸಕ್ಕರೆ ಹಾಕಿ 20-25 ನಿಮಿಷ ಮಗುಚಿ, ಒಂದು ಚಮಚ ಕಾರ್ನ್‌ಫ್ಲೋರ್ ನೀರಿನಿಂದ ಮುಗಿಸಿ. ತುಂಡು ಜೋಳದ ಕಾಳಿಗಿಂತ ದೊಡ್ಡದಿದ್ದರೆ ತುಂಬುವಾಗ ಕಟ್ಟಿಕೊಳ್ಳುತ್ತದೆ.

ಸೀಬೆಗೆ ಕಾರ್ನ್‌ಫ್ಲೋರೇ ಬೇಡ. ಪಾಕವನ್ನು ಗಟ್ಟಿ ಮಾಡುವ ಪೆಕ್ಟಿನ್ ಅದರಲ್ಲೇ ಬೇಕಾದಷ್ಟಿದೆ. ಬೇಯಿಸಿ, ಬೀಜ ಸೋಸಿ, ಸಕ್ಕರೆ-ನಿಂಬೆ ಜೊತೆ ಕುದಿಸಿದರೆ ತಾನೇ ಗಟ್ಟಿಯಾಗುತ್ತದೆ.

ಹಿಟ್ಟಿಗೆ ಏನೇನು

ನಮ್ಮ ಕಡೆ ಮೊಟ್ಟೆ ತಾರದ ಮನೆಗಳು ಬಹಳ. ಹಾಗಾಗಿ ಮೊಟ್ಟೆಯಿಲ್ಲದ ಅಳತೆಯನ್ನೇ ಕೊಡುತ್ತಿದ್ದೇನೆ. ಇದರಲ್ಲಿ 18-19 ಡೋನಟ್ ಆಗುತ್ತವೆ.

ಮೈದಾ 500 ಗ್ರಾಂ
ಸಕ್ಕರೆ 50 ಗ್ರಾಂ
ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ
ಉಪ್ಪು 7 ಗ್ರಾಂ
ಹಾಲಿನ ಪುಡಿ 2 ಟೇಬಲ್ ಚಮಚ
ಕಾಯಿಸಿ ಆರಿಸಿದ ಹಾಲು 270 ಮಿ.ಲೀ.
ಗಟ್ಟಿ ಮೊಸರು 60 ಗ್ರಾಂ
ಬೆಣ್ಣೆ 50 ಗ್ರಾಂ

ಮೊಟ್ಟೆ ತಿನ್ನುವವರು ಮೊಸರಿನ ಬದಲು ಒಂದು ಮೊಟ್ಟೆ ಒಡೆದು ಹಾಕಿ. ಬಣ್ಣ ಇನ್ನಷ್ಟು ಚೆನ್ನಾಗಿ ಬರುತ್ತದೆ.

ಸಕ್ಕರೆ ಕಡಿಮೆಯಾಯ್ತು ಅನ್ನಿಸಬಹುದು. ಜಾಸ್ತಿ ಹಾಕಿದರೆ ಅದು ಯೀಸ್ಟಿನ ನೀರನ್ನೇ ಎಳೆದುಕೊಂಡು ಉಬ್ಬುವುದನ್ನು ನಿಧಾನ ಮಾಡುತ್ತದೆ. ಎಣ್ಣೆಗೆ ಬಿದ್ದ ಕೂಡಲೇ ಹೊರಗೆ ಕಪ್ಪಾಗುತ್ತದೆ, ಒಳಗೆ ಬೆಂದಿರುವುದಿಲ್ಲ. ಸಿಹಿ ಹೇಗೂ ಹೂರಣದಿಂದ ಬರುತ್ತದೆ ಅಲ್ವಾ.

ಬೆಣ್ಣೆ ವಿಷಯಕ್ಕೆ ಬಂದರೆ ದಾವಣಗೆರೆಯವರು ಪುಣ್ಯವಂತರು. ದೋಸೆ ಹೋಟೆಲುಗಳ ದೆಸೆಯಿಂದ ಒಳ್ಳೆಯ ಬಿಳಿ ಬೆಣ್ಣೆಗೆ ಇಲ್ಲಿ ಬರವಿಲ್ಲ. ಬೆಣ್ಣೆ ಮಾರುವ ಅಜ್ಜಿ "ದ್ವಾಸಿಗೇನವ್ವಾ, ತುಪ್ಪ ಕಾಸಾಕಾ?" ಅಂತ ಕೇಳಿದಾಗ ಡೋನಟ್‌ಗೆ ಅಂದರೆ ಅರ್ಥವಾಗಲಿಕ್ಕಿಲ್ಲ. ದೋಸೆಗೆ ಅಂತಲೇ ಹೇಳಿ, ಹುಳಿ ಕಡಿಮೆ ಇರುವ ತಾಜಾ ಬೆಣ್ಣೆ ಕೊಡುತ್ತಾರೆ. ತುಪ್ಪಕ್ಕೆ ಕೊಡುವುದು ಸ್ವಲ್ಪ ಹಳೆಯದಿದ್ದರೂ ನಡೆಯುತ್ತದೆ, ಡೋನಟ್‌ಗೆ ಆ ವಾಸನೆ ಆಗದು. ಈ ಬೆಣ್ಣೆಯಲ್ಲಿ ಮಜ್ಜಿಗೆ ನೀರು ಉಳಿದಿರುತ್ತದೆ. ತಣ್ಣೀರಲ್ಲಿ ಎರಡು ಸಲ ತೊಳೆದು, ಅಂಗೈಯಲ್ಲಿ ಒತ್ತಿ ಹಿಂಡಿದ ಮೇಲೆ ತೂಗಿ. ಪ್ಯಾಕೆಟ್ಟಿನ ಉಪ್ಪು ಬೆಣ್ಣೆ ಹಾಕುವುದಾದರೆ ಮೇಲಿನ ಉಪ್ಪನ್ನು 5 ಗ್ರಾಂಗೆ ಇಳಿಸಿ.

ಯೀಸ್ಟ್ ಬಗ್ಗೆ ಒಂದೇ ಮಾತು. ಬಿಡಿಯಾಗಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಡುವುದು ಯಾವಾಗ ತೆರೆದದ್ದೋ ಗೊತ್ತಾಗುವುದಿಲ್ಲ. ತಾರೀಖು ಇರುವ ಸಣ್ಣ ಪ್ಯಾಕೆಟ್ ತಂದು, ಒಡೆದ ಮೇಲೆ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಅನುಮಾನ ಇದ್ದರೆ ಉಗುರು ಬೆಚ್ಚಗಿನ ಹಾಲಿಗೆ ಚಿಟಿಕೆ ಸಕ್ಕರೆ, ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬರದಿದ್ದರೆ ಅದನ್ನು ಚೆಲ್ಲಿ, ಮೈದಾ ಉಳಿಸಿಕೊಳ್ಳಿ.

ನಾದುವುದು, ಉಬ್ಬಲು ಬಿಡುವುದು

ಬೆಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ಕಲಸಿ. ಹಾಲನ್ನು ಒಮ್ಮೆಗೇ ಸುರಿಯಬೇಡಿ. ಒಂದೊಂದು ಮೈದಾ ಒಂದೊಂದು ರೀತಿ ನೀರು ಹಿಡಿಯುತ್ತದೆ, ಎರಡು ಮೂರು ಚಮಚ ಹಾಲು ಉಳಿಸಿಕೊಂಡು ನೋಡಿ. ಚಪಾತಿ ಹಿಟ್ಟಿಗಿಂತ ಸಡಿಲ, ಹೋಳಿಗೆಯ ಕಣಕಕ್ಕಿಂತ ಗಟ್ಟಿ, ಅದು ಹದ. ಕೈಗೆ ಅಂಟುತ್ತದೆ. ಅಂಟುತ್ತೆ ಅಂತ ಮೈದಾ ಉದುರಿಸುತ್ತಾ ಹೋದರೆ ಡೋನಟ್ ಗಟ್ಟಿಯಾಗುತ್ತದೆ. ಹತ್ತು ನಿಮಿಷ ಮುಚ್ಚಿಟ್ಟು ಮತ್ತೆ ನಾದಿದರೆ ಅಂಟು ತಾನೇ ಕಡಿಮೆಯಾಗುತ್ತದೆ.

ಆಮೇಲೆ ಮೆತ್ತಗಿನ ಬೆಣ್ಣೆಯನ್ನು ಮೂರು ಸಲಕ್ಕೆ ಸೇರಿಸಿ. ಮೊದಲು ಹಿಟ್ಟು ಹರಿದು ಹರಿದು ಗಲೀಜಾಗಿ ಕಾಣುತ್ತದೆ. ಹೆದರಬೇಡಿ, ನಾದುತ್ತಾ ಹೋಗಿ, ಒಂದಾಗುತ್ತದೆ. ಕೈಯಲ್ಲಾದರೆ 12-15 ನಿಮಿಷ ಬೇಕು. ಮುಗಿಯಿತೋ ಇಲ್ಲವೋ ತಿಳಿಯಲು ನಿಂಬೆ ಗಾತ್ರದ ಹಿಟ್ಟು ಹಿಡಿದು ನಾಲ್ಕು ಬೆರಳಲ್ಲಿ ನಿಧಾನ ಅಗಲಿಸಿ. ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾದರೆ ನಾದಿದ್ದು ಸಾಕು. ಈ ಎಳೆ ಬಂದಿದ್ದರೆ ಮಾತ್ರ ಹಿಟ್ಟು ಒಳಗಿನ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬೇರೆ ಊರಿನವರು ಬರೆದ ಸಮಯ ನಮ್ಮ ಊರಿಗೆ ಹೊಂದುವುದಿಲ್ಲ. "ಬೆಚ್ಚಗಿನ ಜಾಗದಲ್ಲಿ ಒಂದೂವರೆ ಗಂಟೆ" ಅಂತ ಬರೆದಿರುತ್ತಾರೆ. ಮೇ ತಿಂಗಳ ದಾವಣಗೆರೆಯಲ್ಲಿ ಅಡುಗೆಮನೆಗಿಂತ ತಂಪಾದ ಜಾಗ ಹುಡುಕಬೇಕು! ಬೇಸಿಗೆಯಲ್ಲಿ ಫ್ರಿಜ್‌ನ ತಣ್ಣನೆ ಹಾಲಿನಲ್ಲೇ ಕಲಸಿ, 40-45 ನಿಮಿಷದಲ್ಲಿ ದುಪ್ಪಟ್ಟಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಉಗುರು ಬೆಚ್ಚಗಿನ ಹಾಲು ಬಳಸಿ, ಒಂದೂವರೆ ಗಂಟೆ ಕಾಯಿರಿ. ಗಡಿಯಾರಕ್ಕಿಂತ ಹಿಟ್ಟಿನ ಗಾತ್ರ ನೋಡುವುದು ಮೇಲು. ನೇರ ಗೋಡೆಯ ಡಬ್ಬಿಯಲ್ಲಿಟ್ಟು ಹೊರಗೆ ರಬ್ಬರ್ ಬ್ಯಾಂಡ್ ಹಾಕಿದರೆ ಎಷ್ಟು ಏರಿದೆ ಅಂತ ಗೊತ್ತಾಗುತ್ತದೆ. ಹೆಂಡದಂಥ ಹುಳಿ ವಾಸನೆ ಬಂತು ಅಂದರೆ ಹೊತ್ತು ಮೀರಿದೆ.

ಪುರುಸೊತ್ತಿದ್ದರೆ ರಾತ್ರಿ ನಾದಿ, ಮುಚ್ಚಿ, ಎಂಟರಿಂದ ಹನ್ನೆರಡು ಗಂಟೆ ಫ್ರಿಜ್‌ನಲ್ಲಿಡಿ. ನಾನು ಈ ದಾರಿಯನ್ನೇ ಒಪ್ಪುವವಳು. ರುಚಿ ಹೆಚ್ಚುತ್ತದೆ, ತಣ್ಣಗಿನ ಹಿಟ್ಟು ಕೈಗೆ ಅಂಟದೆ ಉಂಡೆಯೂ ಚೊಕ್ಕ ಬರುತ್ತದೆ.

ಉಂಡೆ ಕಟ್ಟುವುದು

ಲಟ್ಟಿಸಿ ಲೋಟದಿಂದ ಕತ್ತರಿಸಬಹುದು. ಆದರೆ ಉಳಿದ ಚೂರುಗಳನ್ನು ಮತ್ತೆ ಸೇರಿಸಿ ಲಟ್ಟಿಸಿದವು ಯಾವತ್ತೂ ಮೊದಲಿನಷ್ಟು ಉಬ್ಬುವುದಿಲ್ಲ. 50 ಗ್ರಾಂನಂತೆ ತೂಗಿ ಉಂಡೆ ಮಾಡುವುದೇ ವಾಸಿ. ಅಂಚುಗಳನ್ನು ಕೆಳಕ್ಕೆ ಎಳೆದು ಸೇರಿಸಿ, ಮೇಲ್ಮೈ ಬಿಗಿಯಾಗುವಂತೆ ಕಲ್ಲಿನ ಮೇಲೆ ಅಂಗೈಯಲ್ಲಿ ಉರುಳಿಸಿ. ಆಮೇಲೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಮೆಲ್ಲಗೆ ಒತ್ತಿ. ಒತ್ತದೆ ಬಿಟ್ಟರೆ ಎಣ್ಣೆಯಲ್ಲಿ ಚೆಂಡಿನಂತೆ ಉರುಳಾಡುತ್ತದೆ, ಮಗುಚಿದ ಕಡೆ ನಿಲ್ಲುವುದಿಲ್ಲ.

ಒಂದೊಂದನ್ನೂ ಚಿಕ್ಕ ಚೌಕದ ಬಟರ್ ಪೇಪರ್ ಮೇಲಿಡಿ. ಇದು ಅಲಂಕಾರಕ್ಕಲ್ಲ. ಉಬ್ಬಿದ ಮೇಲೆ ಬೆರಳಲ್ಲಿ ಎತ್ತಿದರೆ ಗಾಳಿ ಇಳಿದು ಚಪ್ಪಟೆಯಾಗುತ್ತದೆ. ಕಾಗದ ಸಮೇತ ಎಣ್ಣೆಗೆ ಜಾರಿಸಿ, ಎರಡು ಕ್ಷಣ ಬಿಟ್ಟು ಇಕ್ಕಳದಿಂದ ಕಾಗದ ತೆಗೆದರಾಯಿತು.

ತೆಳು ಬಟ್ಟೆ ಮುಚ್ಚಿ 30-40 ನಿಮಿಷ ಬಿಡಿ. ಫ್ರಿಜ್‌ನಿಂದ ತೆಗೆದ ಹಿಟ್ಟಾದರೆ ಒಂದು ಗಂಟೆಯ ಮೇಲೆ. ಬೆರಳ ತುದಿಯಿಂದ ಬದಿಗೆ ಮೆಲ್ಲಗೆ ಒತ್ತಿ. ಗುಳಿ ತಕ್ಷಣ ಮುಚ್ಚಿದರೆ ಇನ್ನೂ ಹೊತ್ತಿದೆ, ನಿಧಾನವಾಗಿ ಮುಕ್ಕಾಲು ಪಾಲು ಮುಚ್ಚಿದರೆ ಬಾಣಲಿ ಒಲೆಗಿಡಿ, ಮುಚ್ಚದೇ ಹಾಗೇ ಉಳಿದರೆ ಉಬ್ಬಿದ್ದು ಜಾಸ್ತಿಯಾಗಿದೆ. ಕೊನೆಯ ಹತ್ತು ನಿಮಿಷ ಬಟ್ಟೆ ತೆಗೆದಿಡಿ. ಮೇಲೆ ಸ್ವಲ್ಪ ಒಣಗಿದರೆ ಎಣ್ಣೆ ಕಡಿಮೆ ಹೀರುತ್ತದೆ.

ಕರಿಯುವುದು

ಎಣ್ಣೆ ವಾಸನೆಯಿಲ್ಲದ್ದಿರಲಿ. ಚಳ್ಳಕೆರೆಯ ಗಾಣದ ಕಡಲೆಕಾಯಿ ಎಣ್ಣೆ ಚಟ್ನಿಪುಡಿಗೆ, ಒಗ್ಗರಣೆಗೆ ಬಲು ರುಚಿ. ಡೋನಟ್‌ಗೆ ಹಾಕಿದರೆ ದಾಳಿಂಬೆಯ ವಾಸನೆ ಮೂಗಿಗೇ ಹತ್ತುವುದಿಲ್ಲ. ರಿಫೈನ್ಡ್ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ತೆಗೆದುಕೊಳ್ಳಿ. ಅಗಲ ಕಡಿಮೆ, ಆಳ ಹೆಚ್ಚಿರುವ ಬಾಣಲಿಯಲ್ಲಿ ಏಳೆಂಟು ಸೆಂಟಿಮೀಟರ್ ಎಣ್ಣೆ ಇರಬೇಕು.

ಬಿಸಿ 170ರಿಂದ 175 ಡಿಗ್ರಿ ಸೆಲ್ಸಿಯಸ್. ಮೆಣಸಿನಕಾಯಿ ಕರಿಯಲು ಚುರುಕಾಗಿ ಕಾಯಿಸುತ್ತೇವಲ್ಲ, ಅಷ್ಟು ಬೇಡ. ಥರ್ಮಾಮೀಟರ್ ಇಲ್ಲದಿದ್ದರೆ ಕಡಲೆ ಗಾತ್ರದ ಹಿಟ್ಟು ಹಾಕಿ ನೋಡಿ. ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿಗೆ ಮೇಲೆ ಬಂದು, ಸುತ್ತ ಸಣ್ಣ ಗುಳ್ಳೆ ಎದ್ದು, ಬಣ್ಣ ಬರಲು ಒಂದು ನಿಮಿಷ ತೆಗೆದುಕೊಂಡರೆ ಸರಿ. ಹಾಕಿದ ಕೂಡಲೇ ಕೆಂಪಾದರೆ ಉರಿ ಇಳಿಸಿ ಸ್ವಲ್ಪ ಕಾಯಿರಿ. ತಳದಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಕಾಯದ ಎಣ್ಣೆಗೆ ಹಾಕಿದ್ದು ಎಣ್ಣೆ ಕುಡಿದೇ ಮೇಲೇಳುವುದು.

ಒಂದು ಸಲಕ್ಕೆ ಮೂರೇ ಹಾಕಿ. ಒಂದೊಂದು ಬದಿಗೆ ಒಂದೂವರೆಯಿಂದ ಎರಡು ನಿಮಿಷ, ಒಂದೇ ಸಲ ಮಗುಚಿ. ಚೆನ್ನಾಗಿ ಉಬ್ಬಿದ ಡೋನಟ್ ಎಣ್ಣೆಯಲ್ಲಿ ಮುಳುಗುವುದಿಲ್ಲ, ತೇಲುತ್ತದೆ. ಆ ತೇಲುವ ಗುರುತೇ ಸೊಂಟದ ಸುತ್ತ ಬಿಳಿ ಪಟ್ಟಿಯಾಗಿ ಉಳಿಯುವುದು. ಪಟ್ಟಿ ಕಾಣದಿದ್ದರೆ ಮುಂದಿನ ಸುತ್ತಿನವನ್ನು ಇನ್ನೂ ಹತ್ತು ನಿಮಿಷ ಉಬ್ಬಲು ಬಿಡಿ. ಪ್ರತಿ ಸುತ್ತಿನ ನಡುವೆ ಎಣ್ಣೆ ಮತ್ತೆ ಕಾಯಲು ಒಂದು ನಿಮಿಷ ಕೊಡಿ. ತೆಗೆದವನ್ನು ಪೇಪರ್ ಮೇಲೆ ಗುಡ್ಡೆ ಹಾಕದೆ ಜಾಲರಿಯ ಮೇಲೆ ಬಿಡಿಬಿಡಿಯಾಗಿಡಿ, ಇಲ್ಲದಿದ್ದರೆ ತಳ ಬೆವರುತ್ತದೆ.

ಏರ್ ಫ್ರೈಯರ್‌ನಲ್ಲಿ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತದೆ, ಒಳ್ಳೆಯ ಜಾಮ್ ಬನ್ ಆಗುತ್ತದೆ.

ತುಂಬುವುದು

ಕಡೇಪಕ್ಷ ಇಪ್ಪತ್ತು ನಿಮಿಷ ಆರಲಿ. ಬಿಸಿ ಡೋನಟ್‌ಗೆ ತುಂಬಿದರೆ ಹೂರಣ ಸಡಿಲವಾಗಿ, ಮೊದಲೇ ಹೇಳಿದ ಆ ಹಲ್ಲಿಗೆ ಅಂಟುವ ಕಾಟ ಶುರುವಾಗುತ್ತದೆ. ಹರಳು ಸಕ್ಕರೆ ಮಾತ್ರ ಬೆಚ್ಚಗಿರುವಾಗಲೇ ಹೊರಳಿಸಿ, ಆಗಲೇ ಹಿಡಿಯುವುದು. ಸಕ್ಕರೆ ಪುಡಿ ಉದುರಿಸುವುದಾದರೆ ತಿನ್ನುವ ಹೊತ್ತಿಗೆ. ಬೆಚ್ಚಗಿದ್ದರೆ ಕರಗಿ ಕಾಣೆಯಾಗುತ್ತದೆ.

ಬಿಳಿ ಪಟ್ಟಿಯ ಮೇಲೆ ಸಣ್ಣ ಚಾಕುವಿನ ತುದಿ ಚುಚ್ಚಿ, ನಡುವಿನ ತನಕ ಹೋಗಿ. ಅಲ್ಲಿ ತುದಿಯನ್ನು ಎಡಕ್ಕೆ, ಬಲಕ್ಕೆ ಆಡಿಸಿ ಒಳಗೆ ಜಾಗ ಮಾಡಿ. ಹೊರಗಿನ ತೂತು ಮಾತ್ರ ಸಣ್ಣದೇ ಇರಲಿ. ಈ ಜಾಗ ಮಾಡದೆ ಒತ್ತಿದರೆ ಹೂರಣ ಒಳಗೆ ಹೋಗದೆ ನಿಮ್ಮ ಕೈಗೇ ವಾಪಸ್ ಬರುತ್ತದೆ. ಹೂರಣ ಹಿಂಡುವ ಚೀಲ, ಅಂದರೆ ಪೈಪಿಂಗ್ ಬ್ಯಾಗ್ ಇಲ್ಲದಿದ್ದರೆ ದಪ್ಪನೆಯ ಹಾಲಿನ ಕವರನ್ನು ಬಿಸಿ ನೀರಲ್ಲಿ ತೊಳೆದು ಒಣಗಿಸಿ, ಮೂಲೆಯನ್ನು ಕಿರುಬೆರಳ ತುದಿಯಷ್ಟು ಕತ್ತರಿಸಿ. ಕವರಿಗೆ ಅರ್ಧಕ್ಕಿಂತ ಹೆಚ್ಚು ಹೂರಣ ತುಂಬಬೇಡಿ, ಹಿಂಡುವಾಗ ಹಿಂದಿನಿಂದ ಉಕ್ಕುತ್ತದೆ. ಮೂಲೆಯನ್ನು ಒಳಕ್ಕೆ ತೂರಿಸಿ, ಹಿಂಡುತ್ತಾ ನಿಧಾನ ಹೊರಗೆಳೆಯಿರಿ. ಡೋನಟ್ ಕೈಯಲ್ಲಿ ಭಾರವಾಗುವುದು ಗೊತ್ತಾಗುತ್ತದೆ. ಒಂದಕ್ಕೆ 20ರಿಂದ 25 ಗ್ರಾಂ ಹಿಡಿಯುತ್ತದೆ. ತೂತು ಮೇಲೆ ಬರುವಂತೆ ನಿಲ್ಲಿಸಿ.

ಕಡುಬಿನ ಹಾಗೆ ಹಸಿ ಉಂಡೆಯಲ್ಲೇ ಹೂರಣ ಇಟ್ಟು ಮುಚ್ಚಿ ಕರಿಯಬಾರದೇ ಅಂದರೆ, ಬೇಡ. ಹಣ್ಣಿನ ನೀರು ಆವಿಯಾಗಿ ಸೀಳಿಕೊಂಡು ಹೊರಬಂದರೆ ಕಾದ ಎಣ್ಣೆ ಸಿಡಿಯುತ್ತದೆ, ಸಕ್ಕರೆ ತಳದಲ್ಲಿ ಕರಕಲಾಗುತ್ತದೆ.

ಉಳಿದರೆ

ತುಂಬಿದ್ದನ್ನು ಅವತ್ತೇ, ನಾಲ್ಕೈದು ಗಂಟೆಯೊಳಗೆ ತಿಂದು ಮುಗಿಸಿ. ಫ್ರಿಜ್‌ನಲ್ಲಿಟ್ಟರೆ ಬಿರುಸಾಗುತ್ತದೆ. ಸಂಜೆ ನೆಂಟರು ಬರುವುದಿದ್ದರೆ ಕರಿದದ್ದನ್ನು ಹಾಗೇ ಡಬ್ಬಿಯಲ್ಲಿಟ್ಟು, ಅವರು ಬಂದ ಮೇಲೆ ತುಂಬಿ. ತುಂಬದೆ ಇಟ್ಟದ್ದು ಮಾರನೇ ದಿನಕ್ಕೂ ಆಗುತ್ತದೆ, ತವದ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಎರಡು ನಿಮಿಷ ಬಿಸಿ ಮಾಡಿ. ಹೂರಣ ಒಣ ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿ ನಾಲ್ಕೈದು ದಿನ ಇರುತ್ತದೆ, ಒದ್ದೆ ಚಮಚ ಹಾಕದಿದ್ದರೆ. ಎಣ್ಣೆ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ತಳದ ಕರಿ ಚೂರು ಉಳಿಯದಂತೆ ನೋಡಿಕೊಂಡು ಒಗ್ಗರಣೆಗೆ ಬೇಗ ಬಳಸಿ ಮುಗಿಸಿ. ಮತ್ತೆ ಕರಿಯಲು ಎತ್ತಿಡಬೇಡಿ.